ಕಲ್ಲವ್ವನ ಬಾನಿ ಕೆಟ್ಟ ದಿನ

ಇವತ್ತು ಎದ್ದು ಅಂಗಳ ಸಾರಿಸಿದೆ, ಬಾವಿಯಿಂದ ನೀರು ತಂದೆ, ಹಾಲು ಕಾಸಿ ಹೆಪ್ಪು ಹಾಕಿದೆ, ಜೋಳ ಹಸನು ಮಾಡಿ ಬೀಸಲಿಕ್ಕೆ ಕೂತೆ. ರೊಟ್ಟಿ ಬಡಿದಾದ ಮೇಲೆ ಒಲೆಯ ಕಾವು ಆರುವ ಮೊದಲೇ ಶೇಂಗಾ ಹುರಿದು ಚಟ್ನಿಯ ಹಿಂಡಿ ಕುಟ್ಟಿಟ್ಟೆ. ಮಧ್ಯಾಹ್ನ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಿ ಬಂದು, ಮಳೆ ಹಿಡಿಯುವುದರೊಳಗೆ ಒಂದು ಕೌದಿ ಹೊಲಿದಿಡೋಣವೆಂದು ಹಳೆಯ ಸೀರೆಗಳ ಗಂಟು ಬಿಚ್ಚಿದೆ. ಗಂಟಿನ ತಳದಲ್ಲಿ ಅರ್ಧ ಹರಿದ ಒಂದು ಇಳಕಲ್ಲ ಸೀರೆ ಇತ್ತು. ಧೂಳು ಹೋಗಲೆಂದು ಅದನ್ನು ಬೋಗುಣಿಯ ನೀರಿಗೆ ಅದ್ದಿದೆ. ಅಷ್ಟು ವರ್ಷದ ಬಟ್ಟೆ, ಎಷ್ಟು ಸಲ ಒಗೆದದ್ದೋ ಏನೋ, ನೀರಿಗೆ ಬಿದ್ದ ಕೂಡಲೇ ಅದರಿಂದ ಒಂದು ವಾಸನೆ ಎದ್ದಿತು. ಸುಣ್ಣ, ಬೆಲ್ಲ, ಹುಳಿತ ಅಂಬಲಿ, ಹಸಿ ನೆಲ ಎಲ್ಲ ಕೂಡಿದ ವಾಸನೆ. ಬಾನಿಯ ವಾಸನೆ. ಕೌದಿ ಅಲ್ಲಿಗೇ ಉಳಿಯಿತು.

ಈಗಿನ ಹುಡುಗಿಯರಿಗೆ ಬಾನಿ ಎಂದರೆ ದನಗಳಿಗೆ ಕಲಗಚ್ಚು ಹೊಯ್ಯುವ ಮಣ್ಣಿನ ಪಾತ್ರೆ, ಅಷ್ಟೆ. ನಾವು ಸಣ್ಣವರಿದ್ದಾಗ ಇಳಕಲ್ಲಿನಲ್ಲಿ ಬಾನಿ ಎಂದರೆ ನೂಲಿಗೆ ನೀಲಿ ಬಣ್ಣ ಹಾಕುವ ನೀಲಗಾರರ ಬಾನಿ. ಕುತ್ತಿಗೆಯವರೆಗೆ ನೆಲದಲ್ಲಿ ಹೂತಿಟ್ಟ, ಇಣುಕಿದರೆ ತಳ ಕಾಣದ ದೊಡ್ಡ ಮಣ್ಣಿನ ಹರವಿ. ಅದರಲ್ಲಿ ನೀಲಿ, ಸುಣ್ಣ, ಬೆಲ್ಲ, ತಗಚಿ ಬೀಜದ ಗಂಜಿ ಕೂಡಿ ದಿನಗಟ್ಟಲೆ ಹುಳಿತು, ಹದ ಬಂದಾಗ ಮೇಲೆ ತಾಮ್ರದ ಹೊಳಪಿನ ನೊರೆ ಏಳುತ್ತಿತ್ತು. ನೂಲಿನ ಲಡಿಯನ್ನು ಅದ್ದಿ ಎತ್ತಿದರೆ ಮೊದಲು ಹಸಿರಾಗಿ ಕಾಣುತ್ತಿತ್ತು. ಗಾಳಿ ತಾಗಿದಂತೆ ನಮ್ಮ ಕಣ್ಣೆದುರಿಗೇ ನೀಲಿಗೆ ತಿರುಗುತ್ತಿತ್ತು. ಆದರೆ ಬಾನಿ ಹಟಮಾರಿ. ಒಂದೊಂದು ಸಲ ಯಾವ ಕಾರಣವೂ ಇಲ್ಲದೆ ಕೆಟ್ಟು, ನೊರೆ ಇಳಿದು, ಸತ್ತ ನೀರಾಗಿ ಮಲಗಿಬಿಡುತ್ತಿತ್ತು. ಆಗ ನೀಲಗಾರರಿಗೆ ಗೊತ್ತಿದ್ದ ಮದ್ದು ಒಂದೇ: ಊರೊಳಗೆ ಒಂದು ಸುಳ್ಳು ಬಿಡಬೇಕು. ಯಾರೂ ಕೇಳರಿಯದಂಥ ದೊಡ್ಡ ಸುಳ್ಳು. ಅದನ್ನು ನಂಬಿ ಜನ ಬಾಯಿಂದ ಬಾಯಿಗೆ ದಾಟಿಸಿದಷ್ಟೂ ಬಾನಿಗೆ ಜೀವ ಬರುತ್ತದೆ. ಬಿಟ್ಟವರು ತಾವೇ ಅದನ್ನು ಹಿಂದೆ ತೆಗೆದುಕೊಂಡರೆ, ಇಲ್ಲವೆ ಯಾರಾದರೂ ಓಣಿಯಲ್ಲಿ ನಿಂತು ಸುಳ್ಳೆಂದು ಸಾರಿದರೆ, ಬಾನಿ ಮತ್ತೆ ಏಳುವುದಿಲ್ಲ. ಹೀಗಾಗಿ ನಮ್ಮೂರಲ್ಲಿ ಯಾವ ಅಚ್ಚರಿಯ ಸುದ್ದಿ ಬಂದರೂ ಮುದುಕರು ಮೊದಲು ಕೇಳುತ್ತಿದ್ದದ್ದು, ‘ಯಾರ ಬಾನಿ ಕೆಟ್ಟೈತಿ?’ ಎಂದು.

ನನ್ನ ಅಪ್ಪ, ಅವ್ವ ಬೇವೂರಿನಲ್ಲಿ ಒಕ್ಕಲುತನ ಮಾಡುತ್ತಿದ್ದರು. ನನ್ನನ್ನು ಇಳಕಲ್ಲಿನಲ್ಲಿ ಅವ್ವನ ತವರುಮನೆಯಲ್ಲಿ ಬಿಟ್ಟಿದ್ದರು. ಅಲ್ಲಿ ಇದ್ದವರು ಅವ್ವನ ತಾಯಿ, ಅಂದರೆ ನಮ್ಮ ಆಯಿ, ಮತ್ತು ಅವ್ವನ ತಂಗಿ ಗಂಗವ್ವ, ನನ್ನ ಚಿಗವ್ವ. ಪಡಸಾಲೆಯಲ್ಲಿ ಒಂದು ಕುಣಿಮಗ್ಗ. ಕಾಲು ಇಳಿಬಿಟ್ಟು ಕೂರುವ ಆ ತಗ್ಗಿನಲ್ಲಿ ಬೇಸಿಗೆಯಲ್ಲೂ ತಂಪಿರುತ್ತಿತ್ತು. ಚಿಗವ್ವ ಅದರಲ್ಲಿ ಕುಳಿತಳೆಂದರೆ ಸೊಂಟದಿಂದ ಮೇಲೆ ಮಾತ್ರ ಮನೆಯಲ್ಲಿ, ಉಳಿದದ್ದು ನೆಲದಲ್ಲಿ ಎಂದು ನನಗೆ ಅನಿಸುತ್ತಿತ್ತು. ಅವಳ ಗಂಡ, ಕಾಕಾ, ಮುಂಬೈಯ ಗಿರಣಿಗೆ ಹೋಗಿದ್ದ. ಮೊದಮೊದಲು ಬಂದುಹೋಗುವವರ ಕೂಡ ಸುದ್ದಿ ಹೇಳಿಕಳಿಸುತ್ತಿದ್ದ. ಮುಂಬೈಯಲ್ಲಿ ಪ್ಲೇಗು ಎದ್ದ ವರ್ಷದಿಂದ ಆ ಸುದ್ದಿಯೂ ನಿಂತಿತು. ಇದ್ದಾನೋ ಇಲ್ಲವೋ ಹೇಳುವವರಿರಲಿಲ್ಲ. ಚಿಗವ್ವ ಕುಂಕುಮ ಇಟ್ಟುಕೊಳ್ಳುತ್ತಿದ್ದಳು, ಕನ್ನಡಿ ನೋಡದೆ ಇಟ್ಟುಕೊಳ್ಳುತ್ತಿದ್ದಳು. ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಮಗ್ಗುಲ ಮನೆಯ ನಿಂಗವ್ವ ತಲೆಯ ಮೇಲಿನ ಕೊಡ ಇಳಿಸದೆಯೇ ಒಳಗೆ ನುಗ್ಗಿದಳು.

“ಗಂಗೀ, ಇನ್ನೂ ಮಗ್ಗದಾಗ ಕುಂತೀಯೇನ? ನಿನ್ನ ಗಂಡ ಬಂದಾನಂತಲ್ಲವಾ!”

ಲಾಳಿ ನಡುದಾರಿಯಲ್ಲಿ ನಿಂತಿತು. ಆಯಿ ಒಲೆಯ ಮುಂದಿನಿಂದಲೇ, “ಯಾರ ಬಾನಿ ಕೆಟ್ಟೈತಿ ಮೊದಲ ಅದನ್ನ ನೋಡ್ಕೊಂಡು ಬಾ,” ಎಂದಳು.

“ಬಾನಿ ಸುದ್ದಿ ನಂಗ ಗೊತ್ತಿಲ್ಲಬೇ ಯಮ್ಮಾ. ಹಾಸು ಹಚ್ಚೋ ಬಸಪ್ಪಣ್ಣ ಹೇಳಿದ. ಎಲ್ಲಿ ಇಳದಾನ, ಹ್ಯಾಂಗದಾನ, ಅವನ್ನ ಕೇಳ್ರಿ.”

ಚಿಗವ್ವ ಎದ್ದು ಮುಖ ತೊಳೆದಳು. ಆವತ್ತು ಕನ್ನಡಿ ತೆಗೆದಳು. ತಲೆ ಬಾಚಿ, ಹಿತ್ತಲದ ಅಬ್ಬಲಿ ಹೂವು ಮುಡಿದು, “ಬಾ,” ಎಂದು ನನ್ನ ಕೈ ಹಿಡಿದಳು.

ಓದುವವರಲ್ಲಿ ಯಾರಾದರೂ ಆ ಕಾಲದ ಇಳಕಲ್ಲಿನ ಓಣಿಗಳಲ್ಲಿ ನಡೆದವರಿದ್ದರೆ ಅವರಿಗೆ ನಾನು ಹೇಳುವುದು ಬೇಡ. ಮಾಳಿಗೆ ಮನೆಗಳು ಒಂದಕ್ಕೊಂದು ಹೆಗಲು ತಾಗಿಸಿ ನಿಂತಿರುತ್ತಿದ್ದವು. ಮೆಟ್ಟಿಲಿಗೆ, ಕಟ್ಟೆಗೆ ನಮ್ಮೂರಿನ ಕೆಂಪುಗಲ್ಲು. ಮುದುಕರು ಕೂತು ಕೂತು ಅದು ಕನ್ನಡಿಯಾಗಿರುತ್ತಿತ್ತು. ಪ್ರತಿ ಬಾಗಿಲಿನಿಂದಲೂ ಮಗ್ಗದ ಸದ್ದು ಬರುತ್ತಿತ್ತು, ಒಂದರಂತೆ ಒಂದಿಲ್ಲ. ಸಿಟ್ಟಿನವರ ಮಗ್ಗ ಗುದ್ದುತ್ತಿತ್ತು, ಹೊಸ ಮದುವೆಯವರದು ನಡುನಡುವೆ ನಿಲ್ಲುತ್ತಿತ್ತು. ಕಣ್ಣು ಮುಚ್ಚಿ ನಡೆದರೂ ಯಾರ ಮನೆ ದಾಟಿದೆವೆಂದು ಹೇಳುತ್ತಿದ್ದೆ. ನನಗೆ ಆ ಓಣಿಯಲ್ಲಿ ನಡೆಯುವುದೆಂದರೆ ಹಬ್ಬ. ಇದ್ಯಾಕೆ, ಅದ್ಯಾಕೆ ಎಂದು ಕೇಳುತ್ತ ಹೋಗುತ್ತಿದ್ದೆ, ಚಿಗವ್ವ ಬೇಸರವಿಲ್ಲದೆ ಹೇಳುತ್ತಿದ್ದಳು. ಆವತ್ತು ಮಾತ್ರ ಯಾವುದಕ್ಕೂ ಉತ್ತರ ಬರಲಿಲ್ಲ.

ಓಣಿ ಅಗಲವಾಗುವ ಕಡೆ ಬಸಪ್ಪ ಮಾಮಾ ಹಾಸು ಹಚ್ಚಿದ್ದ. ನೇಯುವ ಮೊದಲು ಉದ್ದನೆಯ ಎಳೆಗಳನ್ನು ಬೀದಿಯುದ್ದಕ್ಕೂ ಬಿಗಿದು, ಗಂಜಿ ಹಚ್ಚಿ, ಕುಂಚದಿಂದ ತಿಕ್ಕುತ್ತ ಅತ್ತಿಂದಿತ್ತ ನಡೆಯುವುದು ಅವನ ಕೆಲಸ. ದನ, ಮಂದಿ ಎಲ್ಲ ಬಗ್ಗಿ, ಬಳಸಿ ಹೋಗಬೇಕು. ಗಂಜಿಯ ಬಿಸಿ ವಾಸನೆ, ಬಿಸಿಲಲ್ಲಿ ಎಳೆಗಳ ಹೊಳಪು. ನನಗೆ ಅದರ ಕೆಳಗೆ ನುಸುಳುವ ಆಸೆ.

“ನಿನ್ನ ಗಂಡ ಅಂತ ನಾ ಎಲ್ಲಿ ಅಂದೆ?” ಬಸಪ್ಪ ಮಾಮಾ ಕುಂಚ ನಿಲ್ಲಿಸದೆ ಹೇಳಿದ. “ಮುಂಬೈಯಿಂದ ಒಬ್ಬಾಂವ ಬಂದಾನ, ಬಾಯಾಗ ಬಂಗಾರದ ಹಲ್ಲು ಅದಾವು ಅಂದೆ. ಈ ಓಣಿಯಿಂದ ಮುಂಬೈಗೆ ಹೋದಾಂವ ನಿನ್ನ ಗಂಡ ಒಬ್ಬನ ಅಲ್ಲನು? ನಿಂಗಿ ಕೂಡಿಸಿಕೊಂಡಿರಬೇಕು.”

“ನಿಮಗ ಯಾರು ಹೇಳಿದ್ರು?”

“ಬಳಿಗಾರ ಹುಸೇನಬಿ. ಹೇಳೂ ಮುಂದ ಆಕಿ ತನ್ನ ಹಲ್ಲ ಎಣಿಸ್ಕೋತಿದ್ಲು.”

ಕಾಕಾನಿಗೆ ಬಂಗಾರದ ಹಲ್ಲು ಇರಲಿಲ್ಲ. “ಮುಂಬೈಯಾಗ ಕಟ್ಟಿಸಿಕೊಂಡಿರಬಹುದು,” ಎಂದು ಚಿಗವ್ವ ತನ್ನಷ್ಟಕ್ಕೆ ಅಂದುಕೊಂಡದ್ದು ನನಗೆ ಕೇಳಿಸಿತು. ನಡಿಗೆ ಜೋರಾಯಿತು.

ಹುಸೇನಬಿಯ ಬಳೆಯಂಗಡಿ ಪೇಟೆಯ ತಿರುವಿನಲ್ಲಿ. ಅಂಗಡಿಯೆಂದರೆ ಅವಳ ಮನೆಯ ಮುಂದಿನ ಪಡಸಾಲೆ. ಗೋಡೆಗೆ ಬಳೆಯ ಸರಗಳು, ಕೆಳಗೆ ಹಾಸಿದ ಚಾಪೆ. ಊರಿನ ಎಲ್ಲ ಹೆಂಗಸರ ಕೈಯ ಅಳತೆ ಅವಳಿಗೆ ಬಾಯಿಪಾಠ. ಚಿಗವ್ವನನ್ನು ಕಂಡವಳೇ, “ಆವೋ ಬೇಟಿ, ಬಾ ಬಾ,” ಎಂದು ಜಾಗ ಮಾಡಿಕೊಟ್ಟು, ಕೇಳುವ ಮೊದಲೇ ಸುರು ಮಾಡಿದಳು. “ಹಲ್ಲಿಂದು ಏನ್ ಹೇಳ್ಲಿ! ಒಂದೂ ಬಿಟ್ಟಿಲ್ಲ, ಎಲ್ಲಾ ಬಂಗಾರದ್ದು. ಮುಂಬೈಯಿಂದ ಒಂಟಿ ಮ್ಯಾಲೆ ಬಂದಾನ. ಒಂಟಿ ಕೊರಳಾಗ ಬೆಳ್ಳಿ ಗೆಜ್ಜಿ.”

“ಒಂಟಿ ಮ್ಯಾಲೆ?” ಎಂದಳು ಚಿಗವ್ವ.

“ಹಂಗಂತ ಕಲ್ಲವ್ವ ಹೇಳಿದಳಲ್ಲ. ನೀಲಗಾರ ಕಲ್ಲವ್ವ.”

ನೀಲಗಾರ ಎಂಬ ಮಾತು ಬಿದ್ದ ಮೇಲೆ ಅಲ್ಲಿಂದಲೇ ಹಿಂತಿರುಗಬಹುದಾಗಿತ್ತು. ಹುಸೇನಬಿಯ ಮುಖದ ಮೇಲೂ ಅದು ಆಗಲೇ ಹೊಳೆದಂತೆ ಕಂಡಿತು. ಅವಳು ಬಳೆಯ ಸರವನ್ನು ಸುಮ್ಮನೆ ಸರಿಪಡಿಸತೊಡಗಿದಳು. ನಾವು ಮುಂದೆ ಮುಂದೆ ಹೋದಂತೆ ಆ ಬಂದ ಮನುಷ್ಯ ಕಾಕಾನಿಂದ ದೂರ ದೂರ ಸರಿಯುತ್ತಿದ್ದ. ಆದರೂ ಚಿಗವ್ವ ನಡೆದಳು. ನಾನು ಒಂಟೆ ಎಂದೂ ನೋಡಿರಲಿಲ್ಲ. ಅದು ನಿಜವಾಗಿಯೂ ಇದ್ದರೆ ಎಷ್ಟು ಚೆನ್ನ ಎಂದುಕೊಳ್ಳುತ್ತ ಅವಳ ಹಿಂದೆ ಓಡಿದೆ.

ನೀಲಗಾರರ ಓಣಿ ಊರಿನ ಹಳೆಯ ಅಗಸಿಬಾಗಿಲಿನ ಆಚೆ ಇತ್ತು. ಆ ಓಣಿಯ ನಾಯಿಗಳ ಕಾಲು ಕೂಡ ನೀಲಿ. ಗಟಾರದ ನೀರು, ಗೋಡೆಯ ಬುಡ, ಮಕ್ಕಳ ಅಂಗಾಲು ಎಲ್ಲ ನೀಲಿ. ಗಳದ ಮೇಲೆ ಸಾಲಾಗಿ ನೂಲಿನ ಲಡಿಗಳು ತೂಗುತ್ತ, ಕೆಳಗೆ ಹಾಯುವವರ ತಲೆಗೆ ಹನಿ ಬೀಳಿಸುತ್ತಿದ್ದವು. ಕಲ್ಲವ್ವನ ಗಳ ಮಾತ್ರ ಆವತ್ತು ಬರಿದಾಗಿತ್ತು. ಅವಳು ಬಾನಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಮೊಳಕೈವರೆಗೆ ನೀಲಿಯಾದ ಎರಡೂ ಕೈ ಮಡಿಲಲ್ಲಿದ್ದವು. ಗೋಡೆಗೆ ಒತ್ತಿ ಊರವರ ಬಿಳಿ ನೂಲು ಗುಡ್ಡೆ ಬಿದ್ದಿತ್ತು, ಮುಂದೆ ಬರುವ ಮದುವೆಗಳ ಸೀರೆಗೆಂದು ಕೊಟ್ಟದ್ದು. ನಮ್ಮ ಮನೆಯ ನೂಲೂ ಅದರಲ್ಲಿತ್ತು.

ಚಿಗವ್ವ ಬಾಗಿಲಲ್ಲಿ ನಿಂತು, “ಕಲ್ಲವ್ವಾ, ಒಂಟಿ ಮ್ಯಾಲೆ ಬಂದಾಂವ ಯಾರು?” ಎಂದು ಕೇಳಿದಳು.

ಕಲ್ಲವ್ವ ಅವಳ ಮುಖ ನೋಡಿದಳು, ಮುಡಿದ ಹೂವು ನೋಡಿದಳು. ತಾನು ಬಿಟ್ಟ ಮಾತು ಎಲ್ಲಿಗೆ ಹೋಗಿ ಏನಾಗಿ ತಿರುಗಿ ಬಂದಿದೆಯೆಂದು ಆಗ ತಿಳಿದಿರಬೇಕು. ಒಳಗಿನಿಂದ ಅವಳ ಗಂಡ ಕೆಮ್ಮಿದ. ಹೌದೆಂದರೆ ಈ ಹೆಣ್ಣಿನ ಜೀವಕ್ಕೆ ಪೆಟ್ಟು, ಸುಳ್ಳೆಂದರೆ ಬಾನಿಯೂ ಹೋಗಿ ಮನೆಯ ಅನ್ನವೂ ಹೋಗುತ್ತದೆ.

“ನಾ ನಿನ್ನ ಹೆಸರ ಎತ್ತಿಲ್ಲವಾ ಗಂಗವ್ವಾ,” ಎಂದಳು ಕೊನೆಗೆ, ಬಹಳ ಸಣ್ಣ ದನಿಯಲ್ಲಿ. “ದೇವರಾಣಿ, ಎತ್ತಿಲ್ಲ. ಅದು…”

“ಸಾಕು. ಮುಂದ ಬಾಯಿ ಬಿಡಬ್ಯಾಡ.” ಚಿಗವ್ವ ಅವಳ ಮಾತನ್ನು ಅಲ್ಲಿಗೇ ತಡೆದಳು. ಒಳಗೆ ಬಂದು ಬಾನಿಯ ಮೇಲೆ ಬಗ್ಗಿ ನೋಡಿದಳು. ನಾನೂ ನೋಡಿದೆ. ಕಪ್ಪು ನೀರು, ಒಂದು ಗುಳ್ಳೆಯೂ ಇಲ್ಲ. “ಎಷ್ಟು ದಿನದಿಂದ ಹಿಂಗ?”

“ಅಮಾಸಿಯಿಂದ. ಸತ್ತಂಗ ಬಿದ್ದೈತಿ.”

ಚಿಗವ್ವ ಸೆರಗು ಸರಿಮಾಡಿಕೊಂಡು, “ಏಳ್ತೈತಿ ಬಿಡು,” ಎಂದು ಹೇಳಿ ಹೊರಟಳು.

ಅಗಸಿ ದಾಟುವಾಗ ನಾನು ಕೇಳಿದೆ: “ಚಿಗವ್ವಾ, ಕಾಕಾ ಬಂದಿಲ್ಲೇನ?” ಅವಳು ನನ್ನ ಕೈಯನ್ನು ನೋವಾಗುವಷ್ಟು ಗಟ್ಟಿ ಹಿಡಿದಳು. ಅಷ್ಟರಲ್ಲಿ ಬಳೆಯಂಗಡಿ ಬಂದಿತು. ಹುಸೇನಬಿ ಬಾಗಿಲಲ್ಲೇ ನಿಂತಿದ್ದಳು, ಅವಳ ಸುತ್ತ ಮೂರ್ನಾಲ್ಕು ಮಂದಿ ಹೆಂಗಸರು. ಎಲ್ಲರೂ ಚಿಗವ್ವನ ಬಾಯಿಯನ್ನೇ ನೋಡುತ್ತಿದ್ದರು.

“ಖರೆ ಏನ ಬೇಟಿ?”

“ಖರೆನ,” ಎಂದಳು ಚಿಗವ್ವ. “ಒಂಟಿ ಮ್ಯಾಲನ ಬಂದಾನ.”

ಹುಸೇನಬಿ ಅವಳನ್ನು ಒಂದು ಗಳಿಗೆ ನೋಡಿದಳು. ಏನು ಅರ್ಥ ಮಾಡಿಕೊಂಡಳೋ, ಚಾಪೆ ಜಾಡಿಸಿ ಅವಳನ್ನು ಕೂರಿಸಿಕೊಂಡು ಹಳೆಯ ಬಳೆ ತೆಗೆದು ಕೈತುಂಬ ಹಸಿರು ಬಳೆ ಏರಿಸಿದಳು. “ಗಂಡ ಬಂದಾಗ ಹಳೇ ಬಳಿ ಇಟ್ಕೊಂಡು ನಿಂದ್ರತಾರೇನ, ಹುಚ್ಚಿ,” ಎಂದು ಎಲ್ಲರಿಗೂ ಕೇಳಿಸುವಂತೆ ಬೈದಳು. ಬಳೆ ಏರಿಸುವಾಗ ಅವಳ ಕೈ ಚಿಗವ್ವನ ಕೈಯನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದಿತ್ತು.

ಮುಂದೆ ಬಸಪ್ಪ ಮಾಮಾ. “ಹೌದನವಾ? ಮತ್ತ ಒಂಟಿ ಎಲ್ಲಿ ಕಟ್ಟೀರಿ?”

“ಹಿತ್ತಲದಾಗ. ಉಪಾಸ ಐತಿ, ಬಿಚ್ಚಿಕೊಂಡು ಬಂದ್ರ ನಿಮ್ಮ ಹಾಸು ಮೇಯ್ದೀತು. ಹುಷಾರ್ರಿ.”

ಬಸಪ್ಪ ಮಾಮಾ ಕುಂಚ ಹಿಡಿದೇ ನಕ್ಕ. ಕಟ್ಟೆಯ ಮುದುಕರೂ ನಕ್ಕರು. ಬಾಗಿಲು ಬಾಗಿಲಿಗೆ ಹೆಂಗಸರು ಬಂದು ಕೇಳಿದರು. ಚಿಗವ್ವ ನಿಂತು ನಿಂತು ಹೇಳಿದಳು: ಹೌದ್ರಿ, ಬಂದಾನ. ಹೌದಕ್ಕಾ, ಆರಾಮದಾನ. ಸೊರಗ್ಯಾನ ಸ್ವಲ್ಪ, ಮುಂಬೈ ನೀರಲ್ಲ. ನಾಳೆ ಬರ್ರಿ, ಈಗ ಮಲಗ್ಯಾನ. ಒಂದು ಮನೆಯಿಂದ ಇನ್ನೊಂದಕ್ಕೆ ಅವಳ ಮಾತು ಬೆಳೆಯುತ್ತ ಹೋಯಿತು, ದನಿ ಮೆತ್ತಗಾಗುತ್ತ ಹೋಯಿತು. ಹೋಗುವಾಗ ಬಾಯಿ ಬಿಡದವಳು ಬರುವಾಗ ಅವನು ಹೇಗೆ ಕೂತ, ಏನು ಕೇಳಿದ, ನೀರು ಹೇಗೆ ಕುಡಿದ ಎಲ್ಲವನ್ನೂ ಹೇಳಿದಳು. ಅಷ್ಟು ದಿನ ಮನೆಯಲ್ಲಿ ಎತ್ತದೇ ಇದ್ದ ಮಾತನ್ನು ಇಡೀ ಓಣಿಯುದ್ದಕ್ಕೂ ಎತ್ತಿದಳು. ನಾನು ಅವಳ ಮುಖ ನೋಡುತ್ತ ನಡೆದೆ. ಅಂಥ ಚೆಲುವೆ ಅವಳೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ಮನೆಯ ಬಾಗಿಲಿಗೆ ಬಂದಾಗ ಬೇಳೆ ಬೆಂದ ವಾಸನೆ. ಯಾರ ಬಾನಿ ಕೆಟ್ಟಿದೆ ನೋಡು ಎಂದಿದ್ದ ಆಯಿಯೇ, ನಾವು ಅತ್ತ ಹೋದ ಮೇಲೆ ಕಡಲೆಬೇಳೆ ಒಲೆಗೇರಿಸಿ, ಹೂರಣ ರುಬ್ಬಲು ಕೂತಿದ್ದಳು.

“ಬಂದಾನೇನ?”

“ಕಲ್ಲವ್ವಂದು,” ಎಂದಳು ಚಿಗವ್ವ. “ಅಮಾಸಿಯಿಂದ ಕೆಟ್ಟೈತಂತ.”

ಆಯಿಯ ಕೈ ರುಬ್ಬುಗುಂಡಿನ ಮೇಲೆ ನಿಂತಿತು. ಮಗಳ ಕೈಯ ಹೊಸ ಬಳೆ ನೋಡಿದಳು, ಹೊರಗೆ ಓಣಿಯಲ್ಲಿ ಒಂಟೆಯ ಮಾತಾಡುತ್ತ ನಗುವವರ ದನಿ ಕೇಳಿದಳು. “ಬಾಗಲಾ ತಗದ ಇರ್ಲಿ,” ಎಂದಳು. “ಹೋಳಿಗಿ ವಾಸನಿ ಹೊರಗ ಹೋಗ್ಲಿ.” ಮತ್ತೆ ಗುಂಡು ತಿರುಗಿಸಿದಳು.

ಮರುದಿನವೋ ಅದರ ಮರುದಿನವೋ ಕಲ್ಲವ್ವನ ಬಾನಿಯಲ್ಲಿ ನೊರೆ ಎದ್ದಿತು. ನಮ್ಮ ನೂಲು ಎಲ್ಲರದಕ್ಕಿಂತ ಮೊದಲು ಬಂದಿತು, ಅಂಥ ನೀಲಿ ನಾನು ಮತ್ತೆ ನೋಡಿಲ್ಲ. ಓಣಿಯವರಿಗೆಲ್ಲ ಆಗ ತಿಳಿಯಿತು. ಚಿಗವ್ವನ ಎದುರು ಯಾರೂ ಒಂಟೆಯ ಮಾತು ತೆಗೆಯಲಿಲ್ಲ. ಕಾಕಾ ಬರಲಿಲ್ಲ. ಆಮೇಲೆ ಡಬ್ಬಿಯಲ್ಲಿ ತುಂಬಿದ ವಿಲಾಯತಿ ನೀಲಿ ಪೇಟೆಗೆ ಬಂದಿತು. ಅದು ಕೆಡುವುದಿಲ್ಲ, ಅದಕ್ಕೆ ಯಾರೂ ಏನೂ ಹೇಳಬೇಕಾಗಿಲ್ಲ. ನೀಲಗಾರರು ಒಬ್ಬೊಬ್ಬರಾಗಿ ಬಾನಿಗಳಿಗೆ ಮಣ್ಣು ತುಂಬಿದರು. ಈಚೆಗೆ ಒಂದು ಮದುವೆಗೆ ಹೋದಾಗ ಅಗಸಿಯ ಆಚೆ ಅಡ್ಡಾಡಿ ಬಂದೆ. ಹರವಿಯ ಬಾಯಿಗಳು ನೆಲದಲ್ಲಿ ದುಂಡಗೆ ಕಾಣುತ್ತಿದ್ದವು, ಒಂದರಲ್ಲಿ ಯಾರೋ ತುಳಸಿ ನೆಟ್ಟಿದ್ದರು. ಆಯಿ ಇಲ್ಲ, ಕಲ್ಲವ್ವ ಇಲ್ಲ, ಚಿಗವ್ವನೂ ಇಲ್ಲ. ನಿಮ್ಮೂರಿನಲ್ಲೂ ಇಂಥದೊಂದು ಓಣಿ ಇದ್ದಿರಬೇಕು.

ಒಂಟೆಯ ಸುದ್ದಿ ಹಬ್ಬಿದ ಆ ದಿನ ದೀಪ ಹಚ್ಚುವ ಹೊತ್ತಿಗೇ ಉಂಡೆವು. ಹೋಳಿಗೆ, ಮೇಲೆ ತುಪ್ಪ, ಕಟ್ಟಿನ ಸಾರು, ಅನ್ನ, ಹೀರೇಕಾಯಿ ಪಲ್ಯ. ಆಯಿ ಮೊದಲ ಹೋಳಿಗೆಯನ್ನು ಬೇರೆ ತೆಗೆದಿಟ್ಟಿದ್ದಳು. ಕೊನೆಗೆ ಅದನ್ನೂ ತಂದು ಚಿಗವ್ವನ ತಾಟಿಗೆ ಹಾಕಿದಳು. ಚಿಗವ್ವ ಬೇಡವೆನ್ನದೆ ಉಂಡಳು. ಹಾಸಿಗೆ ಹಾಸುವುದೇ ತಡ, ಮೊದಲು ನಿದ್ದೆ ಹೋದವಳು ಅವಳೇ. ಆಮೇಲೆ ನಾನು. ಆಯಿ ಯಾವಾಗ ಮಲಗಿದಳೋ ನನಗೆ ಗೊತ್ತಿಲ್ಲ.