‘ಬತ್ತೀನಿ’ ಬಟನ್ ಮತ್ತು ಶಾಹಿದಾ ಆಪಾ

ಇಂದು ಮಾಡಿದ ಕೆಲಸಗಳು: ನಲ್ಲಿಯಲ್ಲಿ ನೀರು ಬಂದಿತ್ತು, ಒಂದು ಡ್ರಮ್ಮು, ನಾಲ್ಕು ಕೊಡ ತುಂಬಿಸಿದೆ. ಎರಡು ಸೀರೆ ಒಗೆದು ಹಿತ್ತಿಲ ಹಗ್ಗಕ್ಕೆ ಹಾಕಿದೆ. ಇಲ್ಲಿನ ಗಾಳಿಗೆ ಕಾಫಿ ಕುಡಿದು ಮುಗಿಸುವುದರೊಳಗೆ ಒಣಗಿದವು. ಚಪ್ಪಲಿಯ ಉಂಗುಷ್ಟ ಹೊಲಿಸಿದೆ. ಆಫೀಸಿನಲ್ಲಿ ತರೀಕೆರೆಯವರ ರಜೆ ಅರ್ಜಿಯ ನಮೂನೆ ಸರಿಪಡಿಸಿದೆ. ಆಮೇಲೆ ಶಾಹಿದಾ ಆಪಾ ಹೆಸರನ್ನು ಕಂಪ್ಯೂಟರಿನಿಂದ ತೆಗೆದೆ. ಶನಿವಾರ ಅರ್ಧ ದಿನ. ಒಂದೂವರೆಗೆ ಅವರ ಮನೆಗೇ ಊಟಕ್ಕೆ ಬಂದೆ.

ನಾನು ಕುಮಟೆ ಬಿಟ್ಟು ಅಜ್ಜಂಪುರಕ್ಕೆ ಬಂದು ಎಂಟು ತಿಂಗಳಾಯಿತು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ದನಕರುಗಳ ಚಿಕಿತ್ಸೆ ನಡೆಸುವ ಒಂದು ಟ್ರಸ್ಟು ನನ್ನನ್ನು ಕರೆಸಿಕೊಂಡಿತು. ಎಲ್ಲ ಸಿಬ್ಬಂದಿಯೂ ಒಂದೇ ಕಡೆ ಮಾತಾಡಿಕೊಳ್ಳುವ, ಕೆಲಸ ಹಂಚಿಕೊಳ್ಳುವ ಒಂದು ಸಾಫ್ಟ್‌ವೇರನ್ನು ಅವರ ಫೋನುಗಳಿಗೆ ಹಾಕಿ, ಅವರಿಗೆ ಒಗ್ಗುವಂತೆ ಅದನ್ನು ತಿದ್ದಿಕೊಡುವುದು ನನ್ನ ಕೆಲಸ. ಊರಿನ ಮೀನುಗಾರರ ಸಂಘದಲ್ಲಿ ಇದನ್ನೇ ಮಾಡಿದ್ದೆನಲ್ಲ, ಇಲ್ಲೂ ಆದೀತು ಅಂದುಕೊಂಡೆ.

ಮೊದಲ ವಾರ ಕಿವಿಯಲ್ಲಿ ಏನೋ ಕಡಿಮೆಯಾದಂತಿತ್ತು. ಸಮುದ್ರದ ಸದ್ದಿಲ್ಲ ಎಂದು ತಿಳಿಯಲು ಮೂರು ದಿನ ಬೇಕಾಯಿತು. ನಮ್ಮಲ್ಲಿ ಕಣ್ಣಿಗೆ ತೆಂಗು ಅಡ್ಡ ಬರುತ್ತದೆ. ಇಲ್ಲಿ ಏನೂ ಅಡ್ಡವಿಲ್ಲ, ರೈಲು ಶಿವನಿಯ ಕಡೆ ಹೊರಟರೆ ಕಾಣುವಷ್ಟು ಹೊತ್ತೂ ನಿಂತು ನೋಡಬಹುದು. ಬಾಡಿಗೆಗೆ ಸಿಕ್ಕಿದ್ದು ಶಾಹಿದಾ ಅವರ ಮನೆಯ ಹಿಂದಿನ ಎರಡು ಕೋಣೆ. ಆಪಾ ಎಂದರೆ ಅವರು ಮನೆಯಲ್ಲಿ ಆಡುವ ದಖನಿಯಲ್ಲಿ ಅಕ್ಕ. ನನಗಿಂತ ಆರು ವರ್ಷ ದೊಡ್ಡವರು, ಒಂಟಿ. ಮುದ್ದೆ ನುಂಗಲು ಕಲಿಸಿದವರು ಅವರೇ. “ಅಗೀಬೇಡ ಕಣೇ, ಅದೇನು ಚಕ್ಕುಲಿನಾ?” ಎಂದು ನಕ್ಕಿದ್ದರು.

ಅದೇ ಟ್ರಸ್ಟಿನಲ್ಲಿ ಅವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಫೋನಿನ ಮುಂದೆ ಕೂತವರು. ರೈತರು ಕರೆ ಮಾಡಿದರೆ ದನಕ್ಕೇನಾಗಿದೆ ಎಂದು ಕೇಳುವುದು, ಡಾಕ್ಟರರಲ್ಲಿ ಒಬ್ಬರನ್ನು ಹಿಡಿಯುವುದು, ಅವರು “ಹೊರಟೆ ಕಣಮ್ಮಾ” ಅನ್ನುವ ತನಕ ಬಿಡದಿರುವುದು. ಈಗ ರೈತರು ಒಂದು ನಂಬರಿಗೆ ಮಾತಾಡಿ ಕಳಿಸಿದರೆ ಅದು ನೇರವಾಗಿ ಸಿಬ್ಬಂದಿಯ ಗುಂಪಿಗೆ ಬೀಳುವಂತೆ ನಾನು ಮಾಡಿದೆ. ಯಾರು ಹೋಗುತ್ತಾರೋ ಅವರು ಒತ್ತಲು ಒಂದು ಬಟನ್ ಇಟ್ಟೆ. ಅದರ ಮೇಲೆ ‘ಸ್ವೀಕರಿಸಲಾಗಿದೆ’ ಎಂದು ಬರೆದಿದ್ದೆ.

“ಇದೇನು ಕೋರ್ಟ್ ನೋಟೀಸಾ?” ಅಂದರು ಆಪಾ. “‘ಬತ್ತೀನಿ’ ಅಂತ ಹಾಕು. ದನ ಒದ್ದಾಡ್ತಿರೋವಾಗ ಯಾವನಾದ್ರೂ ಸ್ವೀಕರಿಸ್ತಾನಾ?”

ಹಾಗೇ ಹಾಕಿದೆ. ಎಲ್ಲರಿಗೂ ಇಷ್ಟವಾಯಿತು. ಅವರ ಕೆಲಸವನ್ನೇ ತಿನ್ನುವ ಯಂತ್ರಕ್ಕೆ ಅವರಿಂದಲೇ ಮಾತು ಪಡೆದೆ. ಆಗ ಅದು ನನಗೆ ಹೊಳೆಯಲಿಲ್ಲ; ಅವರಿಗೆ ಹೊಳೆದಿತ್ತೋ ಏನೋ, ಕೇಳಿಲ್ಲ.

ಪರೀಕ್ಷೆಗೆಂದು ಒಂದು ವಾರ ಹಳೆಯ ಫೋನನ್ನು ಬಂದ್ ಮಾಡಿ ಆಪಾಗೆ ರಜೆ ಕೊಟ್ಟರು. ಮೂರನೆಯ ದಿನ ಎಮ್ಮೆದೊಡ್ಡಿಯಿಂದ ಕರೆ ಬಂತು. ಅಲ್ಲಿ ಅಮೃತಮಹಲ್ ದನ ಮೇಯುವ ಕಾವಲು ಇದೆ. ಕಾವಲು ಎಂದರೆ ಉಳದೆ ಮೇವಿಗೇ ಬಿಟ್ಟ ಬಯಲು. ಅದರ ಅಂಚಿನ ತಿಮ್ಮಣ್ಣನ ಹಸುವಿಗೆ ಹೆರಿಗೆ ಕಷ್ಟವಾಗಿತ್ತು. ಗುಂಪಿನಲ್ಲಿ ಹನ್ನೊಂದು ಜನ ಅದನ್ನು ಕೇಳಿದ್ದರು. ಹನ್ನೊಂದು ಹೆಸರೂ ನನ್ನ ಪರದೆಯಲ್ಲಿ ಕಾಣುತ್ತಿದ್ದವು. ಬತ್ತೀನಿ ಎಂದು ಯಾರೂ ಒತ್ತಲಿಲ್ಲ. ನಾನು ಬೆಲ್ ಬಾರಿಸುವ ಸಂದೇಶ ಎರಡು ಸಲ ಕಳಿಸಿ ಕಾದು ಕೂತೆ. ಮುಕ್ಕಾಲು ಗಂಟೆಯ ಮೇಲೆ ತಿಮ್ಮಣ್ಣ ಆಪಾ ಮೊಬೈಲಿಗೇ ಮಾಡಿದ, ಆಪಾ ಕಡೂರಿನ ಕಿರಿಯ ಡಾಕ್ಟರ್ ಲೋಕೇಶನಿಗೆ ಮಾಡಿದರು, ಅವನು ಓಡಿದ. ಕರು ಉಳಿಯಿತು. ಹಸು ಹೋಯಿತು.

ಮರುದಿನ ಕಡೂರಿನಲ್ಲಿ ಸಭೆ. ಲೋಕೇಶ ತಲೆ ತಗ್ಗಿಸಿ ಕೂತಿದ್ದ.

“ದೊಡ್ಡ ಡಾಕ್ಟ್ರು ಏನೂ ಹೇಳಿರ್ಲಿಲ್ಲ ಮೇಡಂ. ಎಲ್ಲರೆದುರಿಗೆ ಅವ್ರಿಗಿಂತ ಮುಂಚೆ ನಾನು ಹೆಂಗೆ ಒತ್ಲಿ?”

ದೊಡ್ಡ ಡಾಕ್ಟರು ರುದ್ರಪ್ಪನವರು ಹಿಂದಿನ ದಿನ ಕರೆ ಬಂದಾಗ ತರೀಕೆರೆಯಲ್ಲಿ ಮೊಮ್ಮಗಳ ನಾಮಕರಣದಲ್ಲಿದ್ದರು, ಫೋನು ಹೆಂಡತಿಯ ಬ್ಯಾಗಿನಲ್ಲಿತ್ತು. ಈಗ ಅವರು ಲೋಕೇಶನ ಕಡೆ ತಿರುಗಿದರು. “ಲೇ, ನಾನೇನಾದ್ರೂ ಅಂತಿದ್ನೇನೋ?”

“ನೀವು ಅನ್ನಲ್ಲ ಸಾರ್. ಒತ್ತೋಕೆ ನಂಗೇ ಕೈ ಬರಲ್ಲ. ಶಾಹಿದಕ್ಕ ಆದ್ರೆ ಒಬ್ಬೊಬ್ರಿಗೇ ಫೋನ್ ಮಾಡೋರು. ಯಾರು ಮುಂದೆ, ಯಾರು ಹಿಂದೆ ಅಂತ ಯಾರಿಗೂ ಗೊತ್ತಾಗ್ತಿರ್ಲಿಲ್ಲ.”

ಕುಮಟೆಯಲ್ಲಿ ದೋಣಿ ಬಂತೆಂದರೆ ಸಂಘದ ಗುಂಪಿನಲ್ಲಿ ಎಲ್ಲರೂ ಒಟ್ಟಿಗೆ ಕೂಗುವವರೇ. ಮೊದಲು ಕೂಗಿದವನಿಗೆ ಕೆಲಸ. ಆ ಕೂಗನ್ನು ನಂಬಿ ಮಾಡಿದ್ದನ್ನು, ಹಿರಿಯರು ಬಾಯಿ ಬಿಡದೆ ಕಿರಿಯರು ಉಸಿರೆತ್ತದ ಜಾಗಕ್ಕೆ ತಂದು ಇಟ್ಟಿದ್ದೆ. ಆಪಾ ಇಷ್ಟು ವರ್ಷ ಕಾಯುತ್ತಿದ್ದುದು ಫೋನನ್ನಷ್ಟೇ ಅಲ್ಲ, ಇವರೆಲ್ಲರ ಸಂಕೋಚವನ್ನೂ.

ಸಭೆಯಲ್ಲಿ ಇದನ್ನು ಹೇಳಿದೆ, ಫೋನನ್ನೂ ಅವರನ್ನೂ ಉಳಿಸಿಕೊಳ್ಳಿ ಎಂದೆ. ಟ್ರಸ್ಟಿನ ಕಾರ್ಯದರ್ಶಿಗಳು ಒಳ್ಳೆಯವರು, ಪೂರ್ತಿ ಕೇಳಿದರು. “ನಿಮ್ಮ ಸಾಫ್ಟ್‌ವೇರೇ ಹತ್ತಿರ ಇರೋರ ಹೆಸರು ಹೇಳೋ ಹಂಗೆ ಮಾಡಕ್ಕಾಗುತ್ತಾ?” ಎಂದು ಕೇಳಿದರು. ಆಗುತ್ತದೆ ಎಂದೆ. ಇನ್ನೊಂದು ಹಸು ಸಾಯಬಾರದಲ್ಲ. ಎರಡು ದಿನದಲ್ಲಿ ಮಾಡಿದೆ. ಯಂತ್ರ ಹೆಸರು ಕರೆದಾಗ ಯಾರಿಗೂ ಮರ್ಯಾದೆಯ ಪ್ರಶ್ನೆ ಬರಲಿಲ್ಲ, ಕರೆದವರು ಹೋದರು. ಚೆನ್ನಾಗಿಯೇ ನಡೆಯಿತು. ಆಮೇಲೆ ಕಾರ್ಯದರ್ಶಿಗಳು ಹೇಳಿದರು: “ನೀವೇ ಸರಿ ಮಾಡಿಕೊಟ್ರಲ್ಲ ಮೇಡಂ, ಇನ್ನು ಫೋನ್ ಯಾಕೆ?”

ಆಪಾರನ್ನು ಬಿಡಬೇಡಿ ಎಂದು ಮತ್ತೆರಡು ಸಲ ಪತ್ರ ಬರೆದೆ, ನೋಡೋಣ ಅಂದರು. ನಿನ್ನೆ ಆಪಾ ಕೊನೆಯ ದಿನದ ಕೆಲಸ ಮುಗಿಸಿದರು. ಇವತ್ತು ನಾನು ಹೆಸರು ತೆಗೆದೆ.

ಊಟಕ್ಕೆ ಕೂತಾಗ ಆಪಾ ಮೊಬೈಲನ್ನು ನನ್ನ ಕಡೆ ತಿರುಗಿಸಿದರು. ‘ನಿಮ್ಮನ್ನು ಈ ಗುಂಪಿನಿಂದ ಬಿಡಿಸಲಾಗಿದೆ. ಇಷ್ಟು ದಿನದ ನಿಮ್ಮ ಸಹಕಾರಕ್ಕೆ ವಂದನೆ.’ ಯಾರನ್ನು ತೆಗೆದರೂ ತಾನಾಗಿ ಹೋಗುವ ಸಂದೇಶ ಅದು. ಮೊದಲ ತಿಂಗಳಲ್ಲಿ ನಾನೇ ಕನ್ನಡಕ್ಕೆ ತಂದದ್ದು.

“ನೀನು ಬರೆದಿದ್ದಾ?”

“ಹೌದು ಆಪಾ.”

“ಚೆನ್ನಾಗಿ ಬರೆದಿದೀಯ,” ಎಂದು ಸಾರು ಬಡಿಸಿದರು.

ಅಷ್ಟರಲ್ಲಿ ಅದೇ ಮೊಬೈಲ್ ಬಡಿದುಕೊಂಡಿತು. ತಿಮ್ಮಣ್ಣ. ತಾಯಿಯಿಲ್ಲದ ಕರು ಬಾಟಲಿ ಹಾಲು ಕುಡಿಯುತ್ತಿಲ್ಲವಂತೆ. ಆಪಾ ಫೋನಿಗೆ ಅಂಗೈ ಮುಚ್ಚಿ ನನ್ನ ಮುಖ ನೋಡಿದರು. “ಏನ್ ಹೇಳ್ಲಿ ಸುಮಿತ್ರಾ? ಇನ್ಮೇಲೆ ನಂಗೆ ಮಾಡ್ಬೇಡ ಅನ್ಲಾ?”

ಎಂಟು ತಿಂಗಳಲ್ಲಿ ಎಷ್ಟೋ ಪ್ರಶ್ನೆಗೆ ಬಟನ್ ಮಾಡಿಕೊಟ್ಟವಳು ನಾನು. ಮುದ್ದೆ ಮುರಿದು ಸಾರಿಗೆ ಅದ್ದಿದೆ.

ಅವರು ಕೈ ತೆಗೆದರು. “ಎಷ್ಟೊತ್ತಿಂದ ಕುಡೀತಿಲ್ಲ ತಿಮ್ಮಣ್ಣ? ಮೈ ಬಿಸಿ ಐತಾ ನೋಡು. ಇರು, ಲೋಕೇಶಪ್ಪಂಗೆ ಮಾಡ್ತೀನಿ.”

ನನ್ನ ಕೆಲಸದ ಕರಾರು ಇನ್ನು ನಾಲ್ಕು ತಿಂಗಳು. ಕುಮಟೆಯಿಂದ ಮನೆಯವರು ದಿನಾ ಕೇಳುತ್ತಾರೆ, ಯಾವಾಗ ಬರುವುದು ಎಂದು. ಬರುತ್ತೇನೆ ಅನ್ನುವಾಗ ಈಗೀಗ ನನ್ನ ಬಾಯಲ್ಲೂ ಬತ್ತೀನಿ ಎಂದೇ ಬರುತ್ತದೆ, ಅವರು ನಗುತ್ತಾರೆ. ಹೋದರೆ ಈ ಮನೆಯ ಹಿಂದಿನ ಕೋಣೆಗಳನ್ನು ನೆನೆಯುತ್ತೇನೆ. ಇದ್ದರೆ ದಿನಾ ಇವರ ಮುಂದೆ ಕೂತು ಉಣ್ಣಬೇಕು.

ಊಟಕ್ಕೆ ಮುದ್ದೆ, ಹುರುಳಿ ಸಾರು, ನನಗೆಂದು ಬೀರೂರಿನ ಸಂತೆಯಿಂದ ಅವರು ತರಿಸಿದ್ದ ಒಣಮೀನು. ಉಂಡ ಮೇಲೆ ನಡುಮನೆಯಲ್ಲಿ ಇಬ್ಬರೂ ಚಾಪೆ ಹಾಸಿ ಒರಗಿದೆವು. ಆಪಾ ಮೊಬೈಲನ್ನು ತಲೆದಿಂಬಿನ ಹತ್ತಿರ ಇಟ್ಟುಕೊಂಡು, ಅವರೇ ಮೊದಲು ನಿದ್ದೆ ಹೋದರು.