ಎಲ್ಲರಿಗೂ ಒಂದೇ ಸ್ಕ್ರಿಪ್ಟ್

ನಮ್ಮ ಮಳೆ ಸಂಶೋಧನಾ ಕೇಂದ್ರದ ಒಂದೇ ಯುನಿಕ್ಸ್ ಕಂಪ್ಯೂಟರನ್ನು ನಾವು ನಲವತ್ತು ಮಂದಿ ಹಂಚಿಕೊಂಡಿದ್ದೇವೆ. ಅದರ ಉಸ್ತುವಾರಿ ತೀರ್ಥಪ್ರಸಾದರದು. ಯಾರೇ ಲಾಗಿನ್ ಆದರೂ ಮೊದಲು ತಾನಾಗಿ ಓಡುವ ಆದೇಶಗಳ ಪಟ್ಟಿಯನ್ನು, ಅಂದರೆ ಸ್ಕ್ರಿಪ್ಟನ್ನು, ಅವರು ಮೂರು ವರ್ಷಗಳಿಂದ ತಿದ್ದುತ್ತಿದ್ದಾರೆ. ಹಿಂದೆ ಪ್ರತಿಯೊಬ್ಬರಿಗೂ ತಮ್ಮದೇ ಸ್ಕ್ರಿಪ್ಟ್ ಇದ್ದು, ಒಬ್ಬರ ಪ್ರೋಗ್ರಾಂ ಇನ್ನೊಬ್ಬರ ಲಾಗಿನ್ನಿನಲ್ಲಿ ಓಡುತ್ತಿರಲಿಲ್ಲ. ಈಗ ನಿರ್ದೇಶಕರಿಗೂ ನಿನ್ನೆ ಸೇರಿದ ಸಿಂಚನಾಳಿಗೂ ಒಂದೇ ಸ್ಕ್ರಿಪ್ಟ್, ಒಂದೇ ಬೂದು ಪರದೆ. ‘ಸರ್, ನಂಗೆ ಮಾತ್ರ ನೀಲಿ ಕೊಡಿ’ ಎಂದು ಅವಳು ಕೇಳಿದರೆ, ‘ನಿಂಗೆ ನೀಲಿ ಕೊಟ್ರೆ ನಾಳೆ ಡೈರೆಕ್ಟ್ರು ಗುಲಾಬಿ ಕೇಳ್ತಾರೆ. ಎಲ್ಲರಿಗೂ ಒಂದೇ, ಮಾರಾಯ್ತಿ’ ಎನ್ನುತ್ತಾರೆ. ಕ್ಯಾಂಟೀನಿನ ಚಹಾಕ್ಕೂ ಎಲ್ಲರಿಗೆ ಸಮನಾಗಿ ಸಕ್ಕರೆ ಹಾಕಿಸುತ್ತಾರೆಂಬ ದೂರಿದೆ. ಹೋದ ಮಳೆಗಾಲದಲ್ಲಿ, ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿ ನಲವತ್ತು ವರ್ಷ ಇಂಚು, ಇಂಚಿನ ನೂರನೇ ಪಾಲಾದ ಸೆಂಟುಗಳಲ್ಲೇ ಮಳೆ ಅಳೆದು ನಮ್ಮಲ್ಲಿಗೆ ಬಂದ ನಾಣಯ್ಯನವರು, ಲಾಗಿನ್ ಆದೊಡನೆ ಸ್ಕ್ರಿಪ್ಟ್ ಆ ದಿನದ ಮಳೆಯನ್ನು ಮಿಲಿಮೀಟರಿನಲ್ಲಿ ಕೇಳಿದಲ್ಲಿ ಇಂಚು ತುಂಬಿ, ಜಡಿಮಳೆಯ ಊರಾದ ಗಾಳಿಬೀಡಿಗೆ ಲೆಕ್ಕದಲ್ಲಿ ಬರಗಾಲ ತಂದರು. ಇನ್ನೊಮ್ಮೆ ತಪ್ಪಿದರೆ ಆ ಕೆಲಸ ಬೇರೆಯವರಿಗೆ ಎಂದರು ನಿರ್ದೇಶಕರು. ಆಮೇಲೆ ತಪ್ಪೇ ಆಗಲಿಲ್ಲ. ಮೊನ್ನೆ ಸ್ಕ್ರಿಪ್ಟಿನ ಮುದ್ರಿತ ಪ್ರತಿ ಓದುವಾಗ ಕಾರಣ ಕಂಡಿತು: ಲಾಗಿನ್ ಆದವರು ನಾಣಯ್ಯನವರಾದರೆ ಮಾತ್ರ ಇಂಚಿನಲ್ಲಿ ಕೇಳಿ, ಮಿಲಿಮೀಟರಿಗೆ ತಿರುಗಿಸಿ ಬರೆದುಕೊಳ್ಳಬೇಕೆಂಬ ಎರಡು ಸಾಲು. ಅಷ್ಟರಲ್ಲಿ ನಾಣಯ್ಯನವರೇ ಬಂದು, ‘ತೀರ್ಥಾ, ಈಗ ಡೈರೆಕ್ಟ್ರಿಗೂ ಇಂಚೇ ಅಲ್ವಾ? ನಾನು ಆವಾಗ್ಲೇ ಹೇಳಿದ್ದೆ!’ ಎಂದು ಹಿಗ್ಗಿದರು. ‘ಹೌದು, ಎಲ್ಲರಿಗೂ ಒಂದೇ’ ಎಂದ ತೀರ್ಥಪ್ರಸಾದರು, ನನ್ನ ಕೈಯಲ್ಲಿದ್ದ ಪ್ರತಿಯನ್ನು ಮೆಲ್ಲಗೆ ತೆಗೆದುಕೊಂಡು ಮಡಚಿ ಜೇಬಿಗಿಟ್ಟರು.