ಟಾಕಿ ಮುಚ್ಚಳದ ವಿಭೂತಿ

ದಾವಲಬಿಗೆ ಬಸವಪ್ರಭು ಸಾಹುಕಾರ ಹನ್ನೊಂದು ತಿಂಗಳ ಪಗಾರ ಕೊಡಬೇಕು. ಇವತ್ತಿಗೂ ಕೊಟ್ಟಿಲ್ಲ. ಇದನ್ನು ಮೊದಲು ಹೇಳಿಯೇ ಮುಂದಿನ ಮಾತು.

ರಾಯಾಪುರದ ರಸ್ತೆಗೆ ಹತ್ತಿಕೊಂಡೇ ಸಾಹುಕಾರನ ಗ್ಯಾರೇಜಿತ್ತು. ಹತ್ತಿ ವ್ಯಾಪಾರದಲ್ಲಿ ಗಳಿಸಿದ ಅಪ್ಪ ಹಾಕಿಕೊಟ್ಟದ್ದು. ಗಂಡ ಸತ್ತ ವರ್ಷ ದಾವಲಬಿ ಅಲ್ಲಿ ಕಸ ಹೊಡೆಯಲು ಸೇರಿದಳು. ಆರು ತಿಂಗಳಿಗೆ ಸೀಮೆಎಣ್ಣೆಯಲ್ಲಿ ಸಾಮಾನು ತೊಳೆಯಲು ಕೂತಳು, ಎರಡು ವರ್ಷಕ್ಕೆ ಕಾರ್ಬುರೇಟರ್ ಬಿಚ್ಚಿ ಜೋಡಿಸುವುದು ಅವಳದೇ ಕೆಲಸವಾಯಿತು. ಗಂಡಸರ ದಪ್ಪ ಬೆರಳಿಗೆ ಸಿಗದ ಜೆಟ್ಟು ಅವಳ ಬೆರಳಿಗೆ ಸಿಗುತ್ತಿತ್ತು. ಎಣ್ಣೆ ಹಾಯುವ ಅದರ ಕೂದಲೆಳೆಯಷ್ಟು ತೂತನ್ನು ಊದಿ, ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವಳು. ಗಾಡಿ ಗೇಟಿಗೆ ಬರುವ ಮೊದಲೇ, ಸಪ್ಪಳ ಕೇಳಿಯೇ, "ಇದು ಎಣ್ಣಿ ಭಾಳ ಕುಡ್ಯಾಕತ್ತೈತಿ" ಅನ್ನುವಳು. ಹೀಗೆ ಇಪ್ಪತ್ತೆರಡು ವರ್ಷ. ಆದರೆ ಹಾಜರಿ ಪುಸ್ತಕದಲ್ಲಿ ಕೊನೆಯ ದಿನದವರೆಗೂ ಬರೆದದ್ದು ಒಂದೇ: ಕಸ ಗುಡಿಸುವವಳು, ಅರ್ಧ ದಿನ.

ಹೋದ ವರ್ಷ ಒಂದು ಮುಂಜಾನೆ ನೋಡಿದರೆ ಗೇಟಿಗೆ ಕೀಲಿ. ಪಗಾರ ಬಾಕಿ ಇರುವಾಗಲೇ ಒಂಬತ್ತು ಮಂದಿ ಬೀದಿಗೆ ಬಿದ್ದರು. ಕಾರ್ಮಿಕ ಇಲಾಖೆಗೆ ದೂರು ಕೊಟ್ಟರು, ವಿಚಾರಣೆ ಆಯಿತು. ಅಧಿಕಾರಿಯ ಮುಂದೆ ಸಾಹುಕಾರ ಅವಳ ಕಡೆ ಗದ್ದ ಎತ್ತಿ ನಕ್ಕ.

"ಈಕಿ ಕಸಾ ಹೊಡಿಯಾಕಿ ರೀ. ಗಾಡಿ ಬಗ್ಗೆ ಈಕಿಗೇನು ಗೊತ್ತು?"

ಹೆಡ್ ಮಿಸ್ತ್ರಿಯಾಗಿದ್ದ ಮೈಲಾರಲಿಂಗಪ್ಪ ಮೇಜು ಕುಟ್ಟಿ ಕೂಗಾಡಿದ. ಅಧಿಕಾರಿ ಕೇಳಿದ್ದು ಒಂದೇ ಮಾತು: "ಕಾಗದದಾಗ ಏನೈತಿ?" ಕಾಗದದಲ್ಲಿ ಕಸಬರಿಗೆ ಇತ್ತು.

ಆ ನಗೆ ದಾವಲಬಿಯ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿಯಿತು. ಪಗಾರ ಹೇಗೂ ಬೇಕು. ಅದರ ಜೊತೆ ಇನ್ನೊಂದು ಬೇಕು: ಅದೇ ಬಾಯಿಂದ, ಮಂದಿಯ ಮುಂದೆ, ತನ್ನನ್ನು ಮಿಸ್ತ್ರಿ ಅನ್ನಿಸಬೇಕು.

ಸಪ್ತಾಪುರದಲ್ಲಿ ಮೈಲಾರಲಿಂಗಪ್ಪ ತಗಡಿನ ಅಂಗಡಿ ಹಾಕಿದ. ದಾವಲಬಿಯೂ ಅಲ್ಲೇ ಕೂತಳು. ದಸರಾ ಮುಗಿದ ವಾರ ಒಂದು ಸಣ್ಣ ಟೆಂಪೋ ಬಂದು ನಿಂತಿತು. ಹಿಂದೆ ಹಗ್ಗ ಬಿಗಿದ ಹಳೇ ಮೋಟರ್‌ಸೈಕಲ್, ಮುಂದೆ ಬಸವಪ್ರಭು.

"ಹ್ಯಾಂಗದೀ ದಾವಲಬಿ?"

"ನೀವು ಇಟ್ಟಂಗ ಅದೀನ್ರಿ."

ಅವನು ಅದನ್ನು ಕೇಳಿಸಿಕೊಳ್ಳದೆ ಗಾಡಿಯ ಕಥೆ ಹೇಳತೊಡಗಿದ. ಅದು ಅಪ್ಪನ ಗಾಡಿ, ನಲವತ್ತು ವರ್ಷ ಹಳೆಯದು. ಬರುವ ಐತವಾರ ತೀರಿಹೋದ ಅಪ್ಪನ ನೂರನೇ ಹುಟ್ಟುಹಬ್ಬ. ನವನಗರದಿಂದ ಧಾರವಾಡಕ್ಕೆ ಹಳೇ ಗಾಡಿಗಳ ಮೆರವಣಿಗೆ, ಎಲ್ಲಕ್ಕೂ ಮುಂದೆ ಇದರ ಮೇಲೆ ತಾನು. ಆದರೆ ಗಾಡಿ ಎರಡು ಮೂರು ಕಿಲೋಮೀಟರಿಗೆ ನಿಂತುಬಿಡುತ್ತದೆ. ನಾಲ್ಕು ಕಡೆ ತೋರಿಸಿದ್ದ. ಪ್ಲಗ್ ಹೊಸದು, ಪೈಪು ಹೊಸದು, ಕಾರ್ಬುರೇಟರ್ ನಾಲ್ಕು ಸಲ ಬಿಚ್ಚಿದ್ದಾಯಿತು.

ದಾವಲಬಿ ಕಾರ್ಬುರೇಟರಿನಿಂದ ಪೈಪು ಕಿತ್ತು ಬಾಟಲಿಯೊಳಗೆ ಬಿಟ್ಟಳು. ಪೆಟ್ರೋಲು ಮೊದಲು ಧಾರೆಯಾಗಿ ಬಂತು, ಸಣ್ಣಗಾಯಿತು, ಹನಿ ಹನಿಯಾಗಿ ನಿಂತೇಹೋಯಿತು. ಪೆಟ್ರೋಲ್ ಟಾಕಿಯಲ್ಲಿ ಇನ್ನೂ ಅರ್ಧ ಎಣ್ಣೆ ಇತ್ತು. ಮುಚ್ಚಳ ಸಡಿಲಿಸಿದಳು. 'ಫುಸ್' ಅಂತ ಗಾಳಿ ಒಳಗೆ ಹೋಯಿತು, ಧಾರೆ ಮತ್ತೆ ಬಂತು.

ಮುಚ್ಚಳದ ನಡುವೆ ಗುಂಡುಸೂಜಿಯಷ್ಟು ತೂತು ಇರಬೇಕು. ಕೆಳಗೆ ಎಣ್ಣೆ ಇಳಿದಂತೆ ಮೇಲಿಂದ ಗಾಳಿ ಬರಲು ಅದೊಂದೇ ದಾರಿ. ಅದರ ಮೇಲೆ ಬೆರಳು ದಪ್ಪ ವಿಭೂತಿ, ಕುಂಕುಮ, ಗಾರೆಯ ಹಾಗೆ ಗಟ್ಟಿಯಾಗಿ ಕೂತಿತ್ತು.

"ಇದನ್ನ ತೊಳಿಯಂಗಿಲ್ಲೇನ್ರಿ?"

"ಏ, ಕೆರೀಬ್ಯಾಡ! ಅಪ್ಪಾರ ಕಾಲದಿಂದ ದಸರಾದಾಗ ಗಾಡಿಗೆ ಖಂಡೇ ಪೂಜಾ ಮಾಡಿ ಹಚ್ಚಿದ್ದು. ಅದರ ಮ್ಯಾಲ ಹಚ್ಚತೇವಿ, ಅಳಸಂಗಿಲ್ಲ. ಎಲ್ಲಾ ಮಿಸ್ತ್ರಿಗಳಿಗೂ ಹೇಳೇನಿ."

ಅಲ್ಲಿಗೆ ಕಥೆ ತಿಳಿಯಿತು. ಪ್ರತಿಯೊಬ್ಬ ಮಿಸ್ತ್ರಿಯೂ ಎಣ್ಣೆ ನೋಡಲು ಮುಚ್ಚಳ ತೆಗೆದಿದ್ದಾನೆ, ಗಾಳಿ ಹೋಗಿದೆ, ಗಾಡಿ ಚಾಲೂ ಆಗಿದೆ, ತನ್ನ ಕೈಗುಣ ಅಂತ ರೊಕ್ಕ ಇಸಿದುಕೊಂಡಿದ್ದಾನೆ. ಮೈಲಾರಲಿಂಗಪ್ಪನಿಗೂ ತಿಳಿಯಿತು. ಅವನು ಬಾಯಿ ತೆರೆಯುವಷ್ಟರಲ್ಲಿ ದಾವಲಬಿ ಅವನ ಕಾಲು ತುಳಿದಳು.

"ಸಾಹುಕಾರ್ರ, ನನ್ನ ಪಗಾರ?"

"ಅದು ಕೇಸಿನ್ಯಾಗ ಐತಿ. ಇದು ಬ್ಯಾರೆ."

"ಹೋಗ್ಲಿ. ನಾ ಮಿಸ್ತ್ರಿ ಇದ್ದೆ ಅಂತ ಒಂದು ಸಾಲು ಬರದ ಕೊಡ್ರಿ."

ಅವನು ಅದೇ ನಗೆ ನಕ್ಕ. "ಕಸಾ ಹೊಡಿಯಾಕಿನ್ನ ಮಿಸ್ತ್ರಿ ಅಂತ ಬರದ್ರ, ನಾಳೆ ವಾಚಮನ್ ಬಂದು ನನ್ನ ಮ್ಯಾನೇಜರ್ ಅಂತ ಬರೀ ಅಂತಾನ. ಗಾಡಿ ನೋಡವಾ ನೀ."

"ಆತ್ರಿ. ಗಾಡಿ ಬಿಟ್ಟು ಹೋಗ್ರಿ."

ಟೆಂಪೋ ಮರೆಯಾದ ಮೇಲೆ ಮೈಲಾರಲಿಂಗಪ್ಪ ಅಂದ: "ದಾವಲಕ್ಕ, ಒಂದು ಸೂಜಿ ಚುಚ್ಚಿದ್ರ ಮುಗೀತಲ್ಲ?"

"ಸೂಜಿ ನನ್ನ ಕಡೆನ ಇರ್ಲಿ. ನೀ ಎಣ್ಣಿ ಹಾಕು."

ಎರಡು ದಿನ ಇಬ್ಬರೂ ಆ ಗಾಡಿಯ ಮೇಲೆ ಕೂತರು. ಟಾಕಿಯಲ್ಲಿ ಎಣ್ಣೆ ಹೆಚ್ಚಿದ್ದಷ್ಟೂ ಗಾಳಿಗೆ ಜಾಗ ಕಡಿಮೆ, ಗಾಡಿ ಲಗೂ ನಿಲ್ಲುತ್ತದೆ. ಬಾಯಿಮಟ ತುಂಬಿ ಓಡಿಸಿದರು, ಒಂದು ಬೆರಳು ಕಡಿಮೆ ಮಾಡಿ ಓಡಿಸಿದರು, ಎರಡು ಬೆರಳು ಕಡಿಮೆ ಮಾಡಿ ಓಡಿಸಿದರು. ನಿಂತ ಕಡೆಯೆಲ್ಲ ಕಿಲೋಮೀಟರ್ ಗುರುತು ಹಾಕಿದರು. ಮೆರವಣಿಗೆ ಹೊರಡುವ ನವನಗರದ ಮೈದಾನದಿಂದ ರಾಯಾಪುರದ ಆ ಕೀಲಿ ಹಾಕಿದ ಗೇಟಿನವರೆಗೂ ಅಳೆದು ಬಂದರು. ಇಪ್ಪತ್ತೆರಡು ವರ್ಷದಲ್ಲಿ ದಾವಲಬಿ ಇಷ್ಟು ಆಸ್ಥೆಯಿಂದ ಯಾವ ಗಾಡಿಯನ್ನೂ ನೋಡಿರಲಿಲ್ಲ.

ಒಯ್ಯಲು ಬಂದ ಸಾಹುಕಾರನಿಗೆ ಹೇಳಿದಳು: "ಹೊರಡೂ ಮುಂದ ಎಣ್ಣಿ ಹಾಕಸ್ರಿ. ಬಾಯಿಗೆ ಎರಡು ಬೆರಳು ಕಡಿಮಿ. ಆಮ್ಯಾಲ ಮುಚ್ಚಳಾ ತಗೀಬ್ಯಾಡ್ರಿ."

ಐತವಾರ ಒಂಬತ್ತೂ ಮಂದಿ ಗೇಟಿನ ಮುಂದೆ ಸಾಲಾಗಿ ನಿಂತಿದ್ದರು. ಡೊಳ್ಳು ಕೇಳಿತು. ಮುಂದೆ ರೇಷ್ಮೆ ರುಮಾಲು ಸುತ್ತಿದ ಬಸವಪ್ರಭು, ಹಿಂದೆ ನಲವತ್ತು ಗಾಡಿ. ಗೇಟಿಗೆ ಇಪ್ಪತ್ತು ಹೆಜ್ಜೆ ಇದ್ದಾಗ ಗಾಡಿ ಕೆಮ್ಮಿತು, ಹತ್ತು ಹೆಜ್ಜೆ ಇದ್ದಾಗ ನಿಂತಿತು.

ಅವನು ಕಿಕ್ ಹೊಡೆದ. ಮತ್ತೆ ಹೊಡೆದ. ರುಮಾಲು ಕಣ್ಣ ಮೇಲೆ ಜಾರಿತು. ಹಿಂದಿನವರು ಹಾರ್ನ್ ಬಾರಿಸತೊಡಗಿದರು. ಮಂದಿಯ ಮೊಬೈಲುಗಳು ಮೇಲೆದ್ದವು. ಆಗ ಅವನ ಕಣ್ಣಿಗೆ ದಾವಲಬಿ ಬಿದ್ದಳು.

"ಏ ದಾವಲಬಿ, ಬಾ ಇಲ್ಲೆ, ಲಗೂ!"

"ನಾ ಕಸಾ ಹೊಡಿಯಾಕಿ ರೀ. ಕಸಬರಿಗಿ ತರ್ಲೇನು?"

ಡೊಳ್ಳಿನವರು ನಕ್ಕರು. ಸಾಹುಕಾರ ತಗ್ಗಿದ ದನಿಯಲ್ಲಿ ಬೇಡಿದ: "ಮಂದಿ ನೋಡಾಕತ್ತಾರವಾ. ನಮ್ಮವ್ವಲ್ಲಾ ನೀ."

"ನಿಮ್ಮವ್ವ ಅಲ್ರಿ. ನಾ ಯಾರು? ನಿಮ್ಮ ಗ್ಯಾರೇಜನ್ಯಾಗ ಎಷ್ಟ ವರ್ಷ, ಏನ್ ಕೆಲಸಾ ಮಾಡೇನಿ? ಹೇಳ್ರಿ. ಜೋರಾಗಿ ಹೇಳ್ರಿ, ಹಿಂದಿನವರಿಗೆ ಕೇಳ್ಲಿ."

ಮೈಲಾರಲಿಂಗಪ್ಪ ಮೊಬೈಲನ್ನು ಅವನ ಬಾಯಿಯ ಹತ್ತಿರವೇ ಹಿಡಿದಿದ್ದ.

"ದಾವಲಬಿ... ನಮ್ಮ ಕಾರ್ಬುರೇಟರ್ ಮಿಸ್ತ್ರಿ. ಇಪ್ಪತ್ತೆರಡು ವರ್ಷ."

"ಅರ್ಧ ದಿನಾನೋ, ಇಡೀ ದಿನಾನೋ?"

"ಇಡೀ ದಿನ ಮಾರಾಯ್ತಿ, ಇಡೀ ದಿನ!"

ದಾವಲಬಿ ಒಂದು ಕೈಯಿಂದ ಕಾರ್ಬುರೇಟರ್ ತಡವಿದಳು, ಇನ್ನೊಂದರಿಂದ ಮುಚ್ಚಳ ಸಡಿಲಿಸಿ ಬಿಗಿದಳು. ಒಂದೇ ಕಿಕ್ಕಿಗೆ ಚಾಲೂ. ಸಾಹುಕಾರ ನೋಡಿದ್ದು ಕಾರ್ಬುರೇಟರ್ ಮೇಲಿನ ಕೈಯನ್ನು. ಸೂಜಿ ಅವಳ ಸೆರಗಿನ ಗಂಟಿನಲ್ಲೇ ಇತ್ತು, ಅಲ್ಲೇ ಉಳಿಯಿತು. ಧಾರವಾಡ ಮುಟ್ಟುವಷ್ಟರಲ್ಲಿ ಗಾಡಿ ಇನ್ನೂ ಮೂರು ಸಲ ನಿಂತಿತು. ಕೊನೆಯ ಏರನ್ನು ಅವನು ರುಮಾಲು ಕಂಕುಳಲ್ಲಿ ಇಟ್ಟುಕೊಂಡು ದೂಡಿಯೇ ಹತ್ತಿದನಂತೆ. ಅದನ್ನು ಕೇಳಿದ ದಿನ ದಾವಲಬಿ ಎರಡು ಕಪ್ ಚಹಾ ಕುಡಿದಳು.

ಆ ವೀಡಿಯೋ ಈಗ ಕೇಸಿನ ಕಡತದಲ್ಲಿದೆ. ಪಗಾರ ಇನ್ನೂ ಬಂದಿಲ್ಲ. ಅವಳು ಬಿಡುವವಳಲ್ಲ.

ಇನ್ನು ನೀವು. ನಿಮ್ಮ ಗಾಡಿಯೂ ಎಲ್ಲೋ ಒಂದು ಗ್ಯಾರೇಜಿನಲ್ಲಿ ರಿಪೇರಿಯಾಗುತ್ತದೆ. ಯಾರದೋ ಬೆರಳು ಅದರ ಜೆಟ್ಟು ತೊಳೆಯುತ್ತದೆ. ಆ ಬೆರಳಿನವರ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ ಏನು ಬರೆದಿದೆ ಅಂತ ಸಾಹುಕಾರನನ್ನು ಕೇಳಿರಿ. ಪುಸ್ತಕ ತೆರೆದು ತೋರಿಸುವ ತನಕ ಬಿಲ್ಲಿನ ರೊಕ್ಕ ಕೊಡಬೇಡಿರಿ.